ನೀವು ಕೂತ್ರೆ ಬರುತ್ತೆ ಸರ್

1/8

ಫೋಟೋದಲ್ಲಿರೋದು ಪ್ರಿಂಟರಿನ ಒಂದು ಟೆಸ್ಟ್ ಪೇಜ್. ಇಂಥದ್ದನ್ನ ಯಾರೂ ಎತ್ತಿಟ್ಟುಕೊಳ್ಳಲ್ಲ, ಹಿಂದುಗಡೆ ಏನೋ ಲೆಕ್ಕ ಗೀಚಿ ಬಿಸಾಕ್ತಾರೆ. ನಾನು ಮಾತ್ರ ಇದನ್ನ 2021ರಿಂದ ನನ್ನ ಟೂಲ್ ಬ್ಯಾಗಿನ ಒಳ ಜಿಪ್ಪಿನಲ್ಲಿ ಇಟ್ಕೊಂಡಿದೀನಿ. ಮಡಚಿದ ಗೆರೆ ಹತ್ರ ಹರಿಯೋಕೆ ಶುರುವಾಗಿದೆ, ಅದಕ್ಕೇ ಫೋಟೋ ತೆಗೆದೆ.

ಈ ಸರಣಿ ಮೊದಲಿಂದ ಓದ್ತಿರೋರಿಗೆ ಗೊತ್ತು, ಆಗ ನಾನು ಒಂದು ನರ್ಸಿಂಗ್ ಹೋಮಿನಲ್ಲಿ ಸಿಸ್ಟಂ ನೋಡ್ಕೊಳ್ತಿದ್ದೆ. ಹೆಸರು ಬೇಡ. ಜಿಲ್ಲಾ ಕೇಂದ್ರದ ಊರು, ಮೂರು ಮಹಡಿ, 14 ಕಂಪ್ಯೂಟರ್, ಮೂರು ನೆಟ್‌ವರ್ಕ್ ಪ್ರಿಂಟರ್: ಬಿಲ್ಲಿಂಗ್ ಒಂದು, ಲ್ಯಾಬ್ ಒಂದು, ಫಾರ್ಮಸಿ ಒಂದು. ಎಲ್ಲಕ್ಕೂ ಸೇರಿ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೇಲಿ ಒಂದು ಸರ್ವರ್. ಅದಕ್ಕೆ ದಿಕ್ಕು ದೆಸೆ ಎಲ್ಲಾ ನಾನೊಬ್ಬನೇ.

ಪ್ರಿಂಟರ್ ರಿಪೇರಿ ಕತೇಲಿ ಏನಿರುತ್ತೆ ಅಂತ ಸ್ಕ್ರೋಲ್ ಮಾಡಬೇಡಿ. ನಾನು ಮಾಡಿದ ಒಂದು ತಪ್ಪಿಗೆ ಬೇರೆಯವರ ಅರ್ಧ ದಿನದ ಸಂಬಳ ಹೋದ ಕತೆ ಇದು.

2/8

ಗಣೇಶ ಹಬ್ಬ ಮುಗಿದ ಮುಂದಿನ ವಾರ. ಸೆಪ್ಟೆಂಬರ್ 15, ಬುಧವಾರ. ಹಿಂದಿನ ರಾತ್ರಿ ಸರ್ವರ್ ತಾನೇ ಅಪ್‌ಡೇಟ್ ಹಾಕ್ಕೊಂಡು ರೀಸ್ಟಾರ್ಟ್ ಆಗಿತ್ತು. ಬೆಳಿಗ್ಗೆ ಮೂರು ಕಂಪ್ಯೂಟರಿಂದ ಪ್ರಿಂಟರ್ ಕನೆಕ್ಟ್ ಆಗ್ತಿಲ್ಲ. ಪರದೆ ಮೇಲೆ ಕೊನೇಲಿ 11ಬಿ ಅಂತ ಮುಗಿಯೋ ಎರರ್.

ಆ ವರ್ಷ ಈ ಕೆಲಸದಲ್ಲಿದ್ದೋರಿಗೆ 11ಬಿ ಅಂದ್ರೆ ಈಗಲೂ ಬೆನ್ನಲ್ಲಿ ಒಂಥರಾ ಆಗುತ್ತೆ. ಗೊತ್ತಿಲ್ಲದೋರಿಗೆ ಹಿನ್ನೆಲೆ ಹೇಳ್ತೀನಿ. ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸ ನೋಡ್ಕೊಳ್ಳೋದು ಸ್ಪೂಲರ್ ಅನ್ನೋ ಸರ್ವಿಸ್. ನಾವು ಪ್ರಿಂಟ್ ಒತ್ತಿದ್ದನ್ನ ಫೈಲ್ ಮಾಡಿಟ್ಟುಕೊಂಡು, ಸರದಿ ಪ್ರಕಾರ ಮೆಷಿನ್ನಿಗೆ ಕೊಡುತ್ತೆ. ನೋಡೋಕೆ ಗುಮಾಸ್ತನ ಕೆಲಸ, ಆದರೆ ಅದು ಓಡೋದು ಸಿಸ್ಟಂ ಅನ್ನೋ ಅಕೌಂಟಿನಲ್ಲಿ, ಅಂದ್ರೆ ಮೆಷಿನ್ನಿನ ಮೇಲೆ ಅದಕ್ಕೆ ಪೂರ್ತಿ ಅಧಿಕಾರ. ಗುಮಾಸ್ತನ ಕೈಲಿ ಡಿಸಿ ಸಾಹೇಬರ ಸೀಲು ಕೊಟ್ಟ ಹಾಗೆ. 2010ರಲ್ಲಿ ಸುದ್ದಿ ಮಾಡಿದ ಸ್ಟಕ್ಸ್‌ನೆಟ್ ಹರಡೋಕೆ ಬಳಸಿದ ದಾರಿಗಳಲ್ಲೂ ಈ ಸ್ಪೂಲರಿನ ತೂತು ಒಂದು. 2021ರ ಜೂನ್ ಕೊನೇಲಿ ಇನ್ನೊಂದು ತೂತು ಬಯಲಾಯ್ತು, ಜನ ಅದನ್ನ ಪ್ರಿಂಟ್‌ನೈಟ್‌ಮೇರ್ ಅಂದ್ರು. ಮಾಮೂಲಿ ಯೂಸರ್ ಒಬ್ಬ ಪ್ರಿಂಟರ್ ಡ್ರೈವರ್ ಅಂತ ಹೇಳಿ ಏನನ್ನ ಬೇಕಾದ್ರೂ ಸ್ಪೂಲರ್ ಕೈಲಿ ಓಡಿಸಬಹುದಿತ್ತು. ಮೈಕ್ರೋಸಾಫ್ಟ್ ಜುಲೈ 6ಕ್ಕೆ ತುರ್ತು ಪ್ಯಾಚ್ ಬಿಡ್ತು, ಬೆಂಬಲ ನಿಂತುಹೋಗಿದ್ದ ವಿಂಡೋಸ್ 7ಕ್ಕೂ ಬಿಡ್ತು. ಆಗಸ್ಟಿನಿಂದ ಡ್ರೈವರ್ ಹಾಕೋಕೆ ಅಡ್ಮಿನ್ ಹಕ್ಕು ಬೇಕು ಅಂತ ಆಯ್ತು.

11ಬಿ ಇದರ ಪಕ್ಕದ ಮನೆ ಜಗಳ. ಕಂಪ್ಯೂಟರ್ ಮತ್ತು ಸರ್ವರ್ ಪ್ರಿಂಟ್ ಬಗ್ಗೆ ಮಾತಾಡೋದು ಗುಟ್ಟಾಗಿ, ಗುರುತು ಖಾತ್ರಿ ಮಾಡ್ಕೊಂಡು ನಡೀಬೇಕು ಅನ್ನೋ ನಿಯಮ. ಅದರ ಮೊದಲ ಹಂತ ಆ ಜನವರಿಯಲ್ಲೇ ಬಂದಿತ್ತು. ಕಡ್ಡಾಯ ಆಗಿದ್ದು ಸೆಪ್ಟೆಂಬರ್ 14ಕ್ಕೆ. ಜನವರಿ ಅಪ್‌ಡೇಟ್ ಇಲ್ಲದ ಹಳೇ ಕಂಪ್ಯೂಟರಿಗೆ ಹೊಸ ಭಾಷೆ ಬರಲ್ಲ, ಸರ್ವರ್ ಬಾಗಿಲು ಹಾಕುತ್ತೆ.

ನಮ್ಮ ಆ ಮೂರು ಕಂಪ್ಯೂಟರ್ ಯಾಕೆ ಹಿಂದುಳಿದಿದ್ವು ಅಂದ್ರೆ, ಹಳೇವು, ಸ್ಲೋ ಆಗ್ತಾವೆ ಅಂತ ಅಪ್‌ಡೇಟ್ ಆಫ್ ಮಾಡಿದ್ದು ನಾನೇ.

3/8

ಅವತ್ತೇ ಮೂರಕ್ಕೂ ಅಪ್‌ಡೇಟ್ ಹಾಕಬೇಕಿತ್ತು. ಎಂಟು ತಿಂಗಳ ಬಾಕಿ, ಒಂದೊಂದಕ್ಕೆ ಮೂರು ನಾಲ್ಕು ಗಂಟೆ. ಕೌಂಟರ್ ನಿಲ್ಲಿಸೋ ಹಾಗಿಲ್ಲ. ಎಲ್ಲರೂ ಮಾಡಿದ್ದನ್ನೇ ನಾನೂ ಮಾಡ್ದೆ: ಸರ್ವರಿನ ರಿಜಿಸ್ಟ್ರಿಯಲ್ಲಿ ಆ ನಿಯಮದ ಬೆಲೆಯನ್ನ 0 ಮಾಡಿ ಸ್ಪೂಲರ್ ರೀಸ್ಟಾರ್ಟ್ ಕೊಟ್ಟೆ. ಮೂರೂ ಕಡೆ ಪ್ರಿಂಟ್ ಬಂತು. "ಭಾನುವಾರ ಅಪ್‌ಡೇಟ್ ಹಾಕಿ ವಾಪಸ್ 1 ಮಾಡಬೇಕು" ಅಂತ ಮಾನಿಟರಿಗೆ ಚೀಟಿ ಅಂಟಿಸಿದೆ.

ರಾತ್ರಿ ಊಟ ಮುಗಿಸಿ ಮತ್ತೆ ಬಂದೆ, ಸಿ ಡ್ರೈವ್ ಕೆಂಪಾಗಿತ್ತಲ್ಲ ಅನ್ನೋ ಚಿಂತೆಗೆ. ನೋಡಿದ್ರೆ ಸ್ಪೂಲ್ ಫೋಲ್ಡರಿನಲ್ಲೇ ಸುಮಾರು 40 ಜಿಬಿ! ಲ್ಯಾಬ್ ಪ್ರಿಂಟರಿನ ಸೆಟ್ಟಿಂಗಲ್ಲಿ "ಪ್ರಿಂಟ್ ಆದ ಡಾಕ್ಯುಮೆಂಟ್ ಉಳಿಸಿಕೋ" ಅನ್ನೋದಕ್ಕೆ ಟಿಕ್ ಇತ್ತು. ಎಂದೋ ಏನೋ ಪರೀಕ್ಷೆ ಮಾಡೋಕೆ ನಾನೇ ಹಾಕಿ ಮರೆತಿದ್ದು. ಅಲ್ಲಿಂದ ಈಚೆಗೆ ಪ್ರಿಂಟ್ ಆದ ಒಂದೊಂದು ರಿಪೋರ್ಟೂ ಅಲ್ಲೇ ಕೂತಿತ್ತು.

ಟಿಕ್ ತೆಗೆದೆ, ಹಳೇದನ್ನ ಅಳಿಸಿದೆ. ಅಷ್ಟಕ್ಕೇ ನಿಲ್ಲಿಸಿ ಮನೆಗೆ ಹೋಗಬಹುದಿತ್ತು. ಆದರೆ ಒಂದು ಕೆಲಸ ಸರಿಯಾದಾಗ ಬರೋ ಹುಮ್ಮಸ್ಸು ಇದೆಯಲ್ಲ, ಅದು ಬಹಳ ಅಪಾಯ. ಮತ್ತೆ ಸಿ ಡ್ರೈವ್ ತುಂಬೋದೇ ಬೇಡ ಅಂತ ಸ್ಪೂಲ್ ಫೋಲ್ಡರನ್ನೇ ಡಿ ಡ್ರೈವಿಗೆ ವರ್ಗ ಮಾಡ್ದೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್, ಹೊಸ ದಾರಿ ಟೈಪ್ ಮಾಡೋದು, ಓಕೆ. ಎರಡು ನಿಮಿಷದ ಕೆಲಸ.

ಹೊಸ ಫೋಲ್ಡರನ್ನ ಬ್ಯಾಕಪ್ ಫೋಲ್ಡರಿನ ಒಳಗೆ ಮಾಡಿದ್ದೆ. ಈ ಸಾಲನ್ನ ನೆನಪಲ್ಲಿಟ್ಕೊಳ್ಳಿ.

ನನ್ನ ಅಡ್ಮಿನ್ ಲಾಗಿನ್‌ನಿಂದ ಮೂರೂ ಪ್ರಿಂಟರಿಗೆ ಟೆಸ್ಟ್ ಪೇಜ್ ಕೊಟ್ಟೆ. ಮೂರೂ ಬಂದ್ವು. 11 ಗಂಟೆಗೆ ಗಾಡಿ ಸ್ಟಾರ್ಟ್ ಮಾಡಿ ಹಾಡು ಹೇಳ್ಕೊಂಡು ಮನೆಗೆ ಹೋದೆ.

4/8

ಗುರುವಾರ ಬೆಳಿಗ್ಗೆ 8.20ಕ್ಕೆ ಫೋನ್. ಎಲ್ಲೂ ಪ್ರಿಂಟ್ ಬರ್ತಿಲ್ಲ. ರಾತ್ರಿ ಪಾಳಿಯೋರು ಕೈಯಲ್ಲೇ ಬಿಲ್ ಬರೆದು ಸುಮ್ಮನಾಗಿದ್ರು, ನನ್ನನ್ನ ಯಾಕೆ ಎಬ್ಬಿಸೋದು ಅಂತ. ಒಳ್ಳೇತನಕ್ಕೇ ಮಾಡಿದ್ದು.

ಹೋಗಿ ನೋಡ್ತೀನಿ, ಬಿಲ್ಲಿಂಗ್ ಕೌಂಟರ್ ಮುಂದೆ ಮಾಸ್ಕ್ ಹಾಕಿದ ಸಾಲು. ಕೌಂಟರಿನಲ್ಲಿದ್ದ ಹುಡುಗಿಗೆ 22-23 ವಯಸ್ಸು, ಡಿಗ್ರಿ ಮುಗಿಸಿ ಕಾಂಟ್ರಾಕ್ಟಿನ ಮೇಲೆ ಸೇರಿ ನಾಲ್ಕು ತಿಂಗಳಾಗಿತ್ತು. ಕಾದು ಕಾದು ಸಾಕಾಗಿ ಅವಳು ತನ್ನ ಕಂಪ್ಯೂಟರಿಂದ ಪ್ರಿಂಟರನ್ನ ಡಿಲೀಟ್ ಮಾಡಿ ಮತ್ತೆ ಸೇರಿಸೋಕೆ ನೋಡಿದ್ಲು. ಸೇರಿಸೋಕೆ ಅಡ್ಮಿನ್ ಪಾಸ್‌ವರ್ಡ್ ಕೇಳ್ತು. ಅಲ್ಲಿಗೆ ನಿಂತಿತ್ತು.

ನಾನು ಮಾಡಿದ್ದೇನು ಅಂದ್ರೆ, ಅವಳ ಪರದೇಲಿ ಪ್ರಿಂಟರ್ ಇಲ್ಲದ್ದನ್ನ ನೋಡಿದ ಕೂಡಲೇ ದನಿ ಏರಿಸಿದೆ. "ಯಾರಮ್ಮ ನಿಮಗೆ ಇದನ್ನ ಡಿಲೀಟ್ ಮಾಡೋಕೆ ಹೇಳಿದ್ದು? ಇಡೀ ಕ್ಯೂ ಹಾಳಾಗಿದೆ ನೋಡಿ." ಒಂದು ಕಂಪ್ಯೂಟರಿಂದ ಪ್ರಿಂಟರ್ ತೆಗೆದ್ರೆ ಸರ್ವರಿನ ಕ್ಯೂ ಹಾಳಾಗಲ್ಲ ಅನ್ನೋದು ನನಗೆ ಗೊತ್ತು. ಗೊತ್ತಿದ್ದೂ ಅಂದೆ. ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ರು. ಅವರಿಗೆ ಬೇಕಿದ್ದಿದ್ದು ಒಂದು ಕಾರಣ, ಸಿಕ್ತು. ಸಾಲಿನಲ್ಲಿದ್ದೋರೆಲ್ಲ ಕೇಳೋ ಹಾಗೆ ಬೈದ್ರು, ಅರ್ಧ ದಿನ ಕಟ್ ಅಂದ್ರು.

ಅವಳು ಏನೂ ಅನ್ನಲಿಲ್ಲ. ಮಾಸ್ಕ್ ಮೇಲಕ್ಕೆ ಎಳ್ಕೊಂಡು ಕಾರ್ಬನ್ ಪೇಪರ್ ಹುಡುಕೋಕೆ ಬಗ್ಗಿದ್ಲು.

5/8

ಮುಂದಿನ ನಾಲ್ಕು ಗಂಟೆ ನಾನು 11ಬಿ ಹಿಂದೆ ಓಡ್ದೆ. ಹಿಂದಿನ ದಿನ ಅದೇ ಆಗಿತ್ತಲ್ಲ, ಇವತ್ತೂ ಅದೇ ಇರಬೇಕು ಅನ್ನೋ ತೀರ್ಮಾನ. ರಿಜಿಸ್ಟ್ರಿ ನೋಡ್ದೆ, 0 ಇದೆ. ಸ್ಪೂಲರ್ ಎಷ್ಟು ಸಲ ರೀಸ್ಟಾರ್ಟ್ ಮಾಡ್ದೆನೋ ಲೆಕ್ಕ ಇಲ್ಲ. ಪ್ರಿಂಟರಿನ ಸೆಕ್ಯೂರಿಟಿ ಟ್ಯಾಬ್ ತೆಗೆದು ನೋಡ್ದೆ: ಎವ್ರಿಒನ್ ಎದುರಿಗೆ ಪ್ರಿಂಟ್ ಅನ್ನೋದಕ್ಕೆ ಟಿಕ್ ಇದೆ. ಪರ್ಮಿಷನ್ ಸರಿಯಾಗಿದೆ ಅಂತ ಆ ದಾರೀನೇ ಮುಚ್ಚಿಬಿಟ್ಟೆ. ಹೊಸ ಅಪ್‌ಡೇಟನ್ನ ಕಿತ್ತು ಹಾಕೋಣ ಅನ್ನೋವರೆಗೂ ಬಂದೆ. ಆ ವಾರ ಎಷ್ಟೋ ಕಡೆ ಅದನ್ನೇ ಮಾಡ್ತಿದ್ರು.

ಕೈಗೆ ಸಿಕ್ಕಿದ್ದ ಸುಳಿವು ಒಂದೇ, "ಆಕ್ಸೆಸ್ ಡಿನೈಡ್". ಯಾರಿಗೆ, ಎಲ್ಲಿ, ಯಾವ ಬಾಗಿಲಲ್ಲಿ ಅಂತ ಅದು ಹೇಳಲ್ಲ. ಸರ್ಕಾರಿ ಕಚೇರಿಲಿ "ನಿಮ್ಮ ಅರ್ಜಿ ತಿರಸ್ಕೃತ" ಅಂತ ಕಾರಣ ಬರೀದೆ ಕಳಿಸ್ತಾರಲ್ಲ, ಹಾಗೆ.

ಈ ನಡುವೆ ಕೌಂಟರಿನ ಹತ್ರ ಒಬ್ಬ ಅಜ್ಜ ಕೂತಿದ್ರು. ಹೆಂಡತಿ ಡಿಸ್ಚಾರ್ಜ್. ಅವರ ಊರಿಗೆ ಎರಡೂವರೆ ಬಸ್ಸು, ಅದು ಬಿಟ್ರೆ ಸಂಜೆ ಆರಕ್ಕೆ. ಅಜ್ಜಿ ಗಾಲಿ ಕುರ್ಚಿಲಿ, ಮಡಿಲಲ್ಲಿ ಮಾತ್ರೆ ಚೀಲ. ಅಜ್ಜ ಎರಡು ಸಲ ನನ್ನ ಹತ್ರ ಬಂದ್ರು. ಎರಡನೇ ಸಲ, "ಒಂದ್ ಕಾಗ್ದ ಬರಕ್ಕೆ ಇಷ್ಟೊತ್ತು ಬೇಕಾ ಸ್ವಾಮಿ?" ಅಂದ್ರು. ಸಿಟ್ಟಿಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದು. ನನ್ನ ಹತ್ರ ಉತ್ತರ ಇರಲಿಲ್ಲ.

ಅವಳ ಕಂಪ್ಯೂಟರಿಗೆ ಪ್ರಿಂಟರನ್ನ ವಾಪಸ್ ಹಾಕಿಕೊಟ್ಟೆ. ನನ್ನ ಲಾಗಿನ್‌ನಲ್ಲಿ ಕೂತು ಅಜ್ಜಿಯ ಸಮ್ಮರಿ ಹೊಡೆದೆ, ಬಂತು! "ಆಯ್ತು ನೋಡಿ" ಅಂತ ಎದ್ದೆ. ಅವಳು ತನ್ನ ಲಾಗಿನ್ ಹಾಕಿ ಮುಂದಿನ ಬಿಲ್ ಕೊಟ್ಲು, ಇಲ್ಲ. ಮತ್ತೆ ನಾನು ಕೂತೆ, ಬಂತು. ಎದ್ದೆ, ಇಲ್ಲ.

ಆಗ ಅವಳು, ಬೆಳಗಿನ ಬೈಗುಳ ಆದಮೇಲೆ ಮೊದಲನೇ ಸಲ ಬಾಯಿಬಿಟ್ಟು ಹೇಳಿದ್ಲು: "ಸರ್, ಬೆಳಿಗ್ಗೆಯಿಂದ ನೋಡ್ತಿದೀನಿ. ನೀವು ಕೂತ್ರೆ ಬರುತ್ತೆ, ನಾನು ಕೂತ್ರೆ ಬರಲ್ಲ. ಲ್ಯಾಬಲ್ಲೂ ಹಂಗೇ ಅಂತೆ."

ನಾನು ನಕ್ಕೆ. "ಪ್ರಿಂಟರಿಗೆ ನನ್ನ ಮುಖ ಪರಿಚಯ" ಅಂದೆ.

ಮೆಟ್ಟಿಲ ಹತ್ರ ಬಂದಾಗ ನಗು ನಿಂತೋಯ್ತು. 11ಬಿ ಆಗಿದ್ರೆ ಅದು ಕಂಪ್ಯೂಟರಿಗೆ ಸಂಬಂಧಪಟ್ಟಿದ್ದು, ಯಾರು ಕೂತ್ರೂ ಬರಬಾರದು. ಇಲ್ಲಿ ಮೆಷಿನ್ ಅದೇ, ಕೇಬಲ್ ಅದೇ, ಡ್ರೈವರ್ ಅದೇ. ಬದಲಾಗ್ತಿರೋದು ಮನುಷ್ಯ ಒಂದೇ.

6/8

ಈಗ ಸ್ವಲ್ಪ ಮೆಷಿನ್ ವಿಷಯ. ಬೇಡ ಅನ್ನೋರು 7ಕ್ಕೆ ಹೋಗಿ, ಆದರೆ ನನಗೆ ಇಡೀ ಕತೇಲಿ ಇಷ್ಟವಾಗೋ ಭಾಗ ಇದೇ.

ಸರ್ವರಿನಲ್ಲಿ ಪ್ರೋಸೆಸ್ ಮಾನಿಟರ್ ಅನ್ನೋ ಉಚಿತ ಟೂಲ್ ತೆಗೆದೆ, ಸಿಸ್‌ಇಂಟರ್ನಲ್ಸ್‌ನದ್ದು. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ತು, ಏನಾಯ್ತು ಅಂತ ಸಾಲು ಸಾಲಾಗಿ ಬರೀತಾ ಹೋಗುತ್ತೆ. ಹಾಗೇ ಬಿಟ್ರೆ ಕ್ಷಣಕ್ಕೆ ಸಾವಿರಾರು ಸಾಲು. ಎರಡು ಸೋಸಣಿಗೆ ಹಾಕ್ದೆ: ಸ್ಪೂಲರ್ ಮಾಡಿದ್ದು ಮಾತ್ರ ತೋರಿಸು, ಅದರಲ್ಲೂ ಆಕ್ಸೆಸ್ ಡಿನೈಡ್ ಆಗಿದ್ದು ಮಾತ್ರ ತೋರಿಸು. ಇಂಟರ್‌ಕಾಮಿನಲ್ಲಿ ಅವಳಿಗೆ "ಒಂದು ಬಿಲ್ ಕೊಡಿ" ಅಂದೆ.

ಒಂದೇ ಒಂದು ಸಾಲು ಬಿತ್ತು. ಡಿ ಡ್ರೈವ್, ಬ್ಯಾಕಪ್ ಫೋಲ್ಡರ್, ಅದರೊಳಗೆ ನನ್ನ ಹೊಸ ಸ್ಪೂಲ್ ಫೋಲ್ಡರ್, ಅಲ್ಲಿ ಹೊಸ ಫೈಲ್ ಮಾಡೋಕೆ ಹೋಗಿ ತಿರಸ್ಕಾರ. ಸಾಲಿನ ಕೊನೇಲಿ ವಿವರ: ಇಂಪರ್ಸೊನೇಟಿಂಗ್, ಮುಂದೆ ಅವಳ ಲಾಗಿನ್ ಹೆಸರು.

ಆ ಒಂದು ಪದದಲ್ಲಿ ಎಲ್ಲಾ ಇತ್ತು. ಸ್ಪೂಲರಿಗೆ ಪೂರ್ತಿ ಅಧಿಕಾರ ಇದೆ ಅಂತ ಆಗಲೇ ಹೇಳಿದೆನಲ್ಲ. ಆದರೆ ಯಾರದೋ ಪರವಾಗಿ ಫೈಲ್ ಮಾಡೋವಾಗ ಅದು ತನ್ನ ಅಧಿಕಾರ ಪಕ್ಕಕ್ಕಿಟ್ಟು ಆ ಯೂಸರಿನ ವೇಷ ಹಾಕುತ್ತೆ. ಕೌಂಟರಿನ ಹುಡುಗಿ ಪ್ರಿಂಟ್ ಕೊಟ್ರೆ, ಆ ಗಳಿಗೆಗೆ ಸ್ಪೂಲರಿನ ಹಕ್ಕು ಅವಳ ಹಕ್ಕಿನಷ್ಟೇ. ಇಲ್ಲದಿದ್ರೆ ಯಾರು ಬೇಕಾದ್ರೂ ಅದರ ಸೀಲನ್ನ ತಮ್ಮ ಕೆಲಸಕ್ಕೆ ಒತ್ತಿಸಿಕೊಳ್ಳಬಹುದು. ಸರಿಯಾದ ಏರ್ಪಾಡೇ.

ಬ್ಯಾಕಪ್ ಫೋಲ್ಡರಿಗೆ ನಾನೇ ವರ್ಷದ ಹಿಂದೆ ಬೀಗ ಹಾಕಿದ್ದೆ, ಅಡ್ಮಿನಿಸ್ಟ್ರೇಟರ್ಸ್ ಮತ್ತು ಸಿಸ್ಟಂ ಬಿಟ್ಟು ಯಾರೂ ಬರಬಾರದು ಅಂತ. ಒಳಗೆ ಹುಟ್ಟಿದ ಫೋಲ್ಡರ್ ಅಪ್ಪನ ಗುಣವನ್ನೇ ತಗೊಂಡಿತ್ತು. ಪ್ರಿಂಟರಿನ ಸೆಕ್ಯೂರಿಟಿ ಟ್ಯಾಬಲ್ಲಿ ಎಲ್ಲರಿಗೂ ಟಿಕ್ ಇದ್ದಿದ್ದು ನಿಜವೇ. ತಲಬಾಗಿಲು ತೆಗೆದಿತ್ತು, ನಡುಮನೆ ತೆಗೆದಿತ್ತು, ಕಣಜದ ಕೋಣೆಗೆ ಬೀಗ. ಆ ಬೀಗದ ಕೈ ಇದ್ದಿದ್ದು ನನ್ನ ಸೊಂಟದಲ್ಲಿ. ಹಾಗಾಗಿ ನಾನು ಹೋದಾಗೆಲ್ಲ ಬಾಗಿಲು ತೆಗೀತಿತ್ತು, ರಾತ್ರಿ ಟೆಸ್ಟ್ ಪೇಜ್ ಬಂದಿದ್ದೂ ಅದಕ್ಕೇ.

7/8

ಗಂಟೆ ಎರಡು ಹತ್ತು. ಇಲ್ಲಿ ಇನ್ನೊಂದು ತಪ್ಪು ಮಾಡೋದರಲ್ಲಿದ್ದೆ.

ಅವಸರದಲ್ಲಿ ಎಲ್ಲರೂ ಮಾಡೋದು ಒಂದೇ: ಎವ್ರಿಒನ್, ಫುಲ್ ಕಂಟ್ರೋಲ್, ಅಪ್ಲೈ. ಮೌಸ್ ಅಲ್ಲೇ ಇತ್ತು. ನಿಲ್ಲಿಸಿದ್ದು ಆ 40 ಜಿಬಿಯ ನೆನಪು. ಸ್ಪೂಲ್ ಫೋಲ್ಡರಿನಲ್ಲಿ ಒಂದೊಂದು ಪ್ರಿಂಟಿಗೂ ಎರಡು ಫೈಲ್ ಇರುತ್ತೆ. ಎಸ್‌ಪಿಎಲ್ ಅನ್ನೋದರಲ್ಲಿ ಪ್ರಿಂಟ್ ಆಗಬೇಕಾದ ವಿಷಯ, ಎಸ್‌ಎಚ್‌ಡಿ ಅನ್ನೋದರಲ್ಲಿ ಯಾರು ಕೊಟ್ಟಿದ್ದು, ಯಾವ ಪ್ರಿಂಟರಿಗೆ ಅನ್ನೋ ಮಾಹಿತಿ. ಆಸ್ಪತ್ರೆಯಲ್ಲಿ ಆ ವಿಷಯ ಅಂದ್ರೆ ಎಚ್‌ಐವಿ ರಿಪೋರ್ಟ್, ಗರ್ಭ ಪರೀಕ್ಷೆ ರಿಪೋರ್ಟ್. ಸಾಲದ್ದಕ್ಕೆ ಬ್ಯಾಕಪ್ ಫೋಲ್ಡರ್ ನೆಟ್‌ವರ್ಕಿನಲ್ಲಿ ಶೇರ್ ಆಗಿತ್ತು, ಶೇರ್ ಮಟ್ಟದಲ್ಲಿ ಎಲ್ಲರಿಗೂ ತೆರೆದಿತ್ತು. ಒಳಗಿನ ಬೀಗವನ್ನೇ ನಂಬಿ ಹಾಗೆ ಬಿಟ್ಟಿದ್ದೆ. ಆ ಬೀಗ ಒಡೆದಿದ್ರೆ ಇಡೀ ಕಟ್ಟಡದಲ್ಲಿ ಯಾವ ಕಂಪ್ಯೂಟರಿಂದ ಬೇಕಾದ್ರೂ ಯಾರದ್ದು ಬೇಕಾದ್ರೂ ತೆಗೆದು ನೋಡಬಹುದಿತ್ತು. ಪ್ರಿಂಟ್ ಮಾತ್ರ ಚೆನ್ನಾಗಿ ಬರ್ತಿತ್ತು, ಎಲ್ಲರೂ ನನ್ನನ್ನ ಹೊಗಳ್ತಿದ್ರು.

ಮೌಸಿಂದ ಕೈ ತೆಗೆದೆ. ಶೇರಿನ ಹೊರಗೆ ಡಿ ಡ್ರೈವಿನಲ್ಲೇ ಬೇರೆ ಫೋಲ್ಡರ್ ಮಾಡ್ದೆ. ಐಕ್ಯಾಕಲ್ಸ್ ಕಮಾಂಡ್ ಕೊಟ್ಟು ಸಿ ಡ್ರೈವಿನ ಹಳೇ ಸ್ಪೂಲ್ ಫೋಲ್ಡರಿಗೆ ಯಾರ್ಯಾರಿಗೆ ಏನೇನು ಹಕ್ಕಿದೆ ಅಂತ ಕಾಗದದ ಮೇಲೆ ಬರ್ಕೊಂಡೆ. ಮಾಮೂಲಿ ಯೂಸರ್ಸ್‌ಗೆ ಅಲ್ಲಿ ತಮ್ಮ ಫೈಲ್ ಇಡೋ ಹಕ್ಕು ಇತ್ತು, ಫುಲ್ ಕಂಟ್ರೋಲ್ ಇರಲಿಲ್ಲ. ಒಂದೊಂದಾಗಿ ಹಾಗೇ ಹೊಸದಕ್ಕೆ ಹಾಕ್ದೆ. ದಾರಿ ಬದಲಿಸಿ ಸ್ಪೂಲರ್ ರೀಸ್ಟಾರ್ಟ್ ಕೊಟ್ಟೆ.

ಈ ಸಲ ನನ್ನ ಲಾಗಿನ್‌ನಲ್ಲಿ ನೋಡಲೇ ಇಲ್ಲ. ಇಂಟರ್‌ಕಾಮಿನಲ್ಲಿ "ಈಗ ಕೊಡಿ" ಅಂದೆ. ಮೇಲೆ ಮೆಷಿನ್ ತಿರುಗೋ ಸದ್ದು ಮೆಟ್ಟಿಲ ಕೆಳಗಿನವರೆಗೂ ಕೇಳ್ತು.

2.45. ಅಜ್ಜನ ಸಮ್ಮರಿಯನ್ನ ನಾನು ನನ್ನ ಲಾಗಿನ್‌ನಲ್ಲಿ ಆಗಲೇ ತೆಗೆದಿದ್ದೆ, ಆದರೆ ಫಾರ್ಮಸಿ ಬಿಲ್ಲಿಗೆ ಅಂತ ನಿಂತು ಬಸ್ಸು ತಪ್ಪಿತ್ತು. ಅಟೆಂಡರ್ ಅಣ್ಣ ಅವರಿಬ್ಬರಿಗೂ ಟೀ ತಂದುಕೊಟ್ಟಿದ್ರು. ನಾನು ಆ ದಾರೀಲಿ ಹೋಗದೆ ಹಿಂದಿನ ಬಾಗಿಲಿಂದ ಊಟಕ್ಕೆ ಹೋದೆ.

8/8

ಅವತ್ತು ಸಂಜೆ ಮ್ಯಾನೇಜರಿಗೆ "ಸರಿಯಾಯ್ತು ಸರ್" ಅಂದೆ ಅಷ್ಟೇ. ಏನಾಗಿತ್ತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೇಲಿ ಹೆಂಡತಿಗೆ ಪ್ರೋಸೆಸ್ ಮಾನಿಟರ್ ಕತೆಯೆಲ್ಲ ಹೇಳಿ ಮುಗಿಸಿದಾಗ ಅವಳು ಕೇಳಿದ್ದು ಒಂದೇ, "ಆ ಹುಡುಗಿ ಸಂಬಳ ವಾಪಸ್ ಕೊಟ್ರಾ?"

ಶುಕ್ರವಾರ ಬೆಳಿಗ್ಗೆ ಹೋಗಿ ಹೇಳಿದೆ. ಫೋಲ್ಡರ್ ಬದಲಿಸಿದ್ದು ನಾನು, ಹಕ್ಕು ನೋಡದೆ ಬಿಟ್ಟಿದ್ದು ನಾನು, ಅವಳು ಡಿಲೀಟ್ ಮಾಡಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮ್ಯಾನೇಜರ್, "ಹೋಗ್ಲಿ ಬಿಡಿ, ಈಗ ಸರಿಯಾಗಿದೆಯಲ್ಲ. ಅರ್ಧ ದಿನ ಆಗಲೇ ಅಕೌಂಟ್ಸಿಗೆ ಹೋಗಿದೆ" ಅಂದ್ರು. ನನ್ನದರಲ್ಲಿ ಕಟ್ ಮಾಡಿ ಅಂದೆ. ಅದಕ್ಕೆ ಅವರಿಗೆ ಮುಜುಗರ ಆಗಿರಬೇಕು. ಶನಿವಾರ ಅವಳದ್ದು ವಾಪಸ್ ಆಯ್ತು, ನನ್ನದೂ ಕಟ್ ಆಗಲಿಲ್ಲ.

ಅವಳಿಗೆ ಹೇಳಿದೆ. ಕೇಳಿ "ಸರಿ ಸರ್" ಅಂದ್ಲು. ನಾನು ಹೊರಡೋಕೆ ತಿರುಗಿದಾಗ, ತಲೆ ಎತ್ತದೆ, "ಬೈದಿದ್ದು ಎಲ್ಲರ ಮುಂದೆ. ಸರಿ ಮಾಡಿದ್ದು ಒಳಗಡೆ ರೂಮಲ್ಲಿ" ಅಂದ್ಲು.

ಸೋಮವಾರ ಬೆಳಿಗ್ಗೆ 8ಕ್ಕೆ ಪಾಳಿ ಬದಲಾಗೋವಾಗ ಹದಿನೈದು ಜನ ಕೌಂಟರ್ ಹತ್ರ ಸೇರ್ತಾರೆ. ಅಲ್ಲಿ ನಿಂತು ಹೇಳಿದೆ. ಸರ್ವರಿನ ವಿಷಯ ಯಾರಿಗೂ ಅರ್ಥ ಆಗಲಿಲ್ಲ ಅನ್ಸುತ್ತೆ. "ಗುರುವಾರದ ತಪ್ಪು ನನ್ನದು, ಇವರದ್ದಲ್ಲ, ಏನು ತಪ್ಪು ಅಂತ ಹಿಡಿದಿದ್ದೂ ಇವರೇ" ಅನ್ನೋದು ಅರ್ಥ ಆಯ್ತು. ಲ್ಯಾಬಿನ ಅಕ್ಕ ಒಬ್ಬರು "ಅಯ್ಯೋ ಇರ್ಲಿ ಬಿಡಿ ಸಾರ್" ಅಂದ್ರು. ಕೌಂಟರಿನ ಹುಡುಗಿ ಬಳೆ ಸರಿ ಮಾಡ್ಕೊಳ್ತಾ ನೆಲ ನೋಡ್ತಿದ್ಲು. ಅಜ್ಜನ ಬಸ್ಸಿಗೆ ನಾನು ಏನೂ ಮಾಡೋಕಾಗಲಿಲ್ಲ.

ಹೇಳೋದು ಮರೆತೆ, ಹಿಂದಿನ ದಿನ ಭಾನುವಾರ ಆ ಮೂರು ಹಳೇ ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿದ್ದೆ. ಬೆಳಿಗ್ಗೆ 9ಕ್ಕೆ ಶುರು ಮಾಡಿದ್ದು ರಾತ್ರಿ 8ಕ್ಕೆ ಮುಗೀತು. ರಿಜಿಸ್ಟ್ರಿ ವಾಪಸ್ 1. ಚೀಟಿ ಹರಿದು ಹಾಕಿದೆ. ಆಮೇಲೆ ಸರ್ವರಿನಲ್ಲಿ ಏನೂ ಹಕ್ಕಿಲ್ಲದ ಒಂದು ಮಾಮೂಲಿ ಅಕೌಂಟ್ ಮಾಡ್ದೆ, ಕೌಂಟರ್‌ಟೆಸ್ಟ್ ಅಂತ. ಅಲ್ಲಿಂದ ಈಚೆಗೆ ಏನೇ ಬದಲಿಸಿದ್ರೂ ಮೊದಲು ಅದರಲ್ಲಿ ಲಾಗಿನ್ ಆಗಿ ನೋಡೋದು. ಅವತ್ತು ಅವಳಿಗೆ ಭಾನುವಾರದ ಡ್ಯೂಟಿ. "ಇದರಲ್ಲಿ ಒಂದು ಪೇಜ್ ಕೊಡ್ತೀರಾ?" ಅಂತ ಕೇಳಿದೆ. ಕೊಟ್ಲು, ಬಂತು. ಟ್ರೇಯಿಂದ ತೆಗೆದು, ಕೌಂಟರಿನ ಮೇಲಿದ್ದ ದಾರ ಕಟ್ಟಿದ ಪೆನ್ನಿಂದ ಕೆಳಗೆ ಏನೋ ಬರೆದು ನನ್ನ ಕೈಗಿಟ್ಲು.

ಫೋಟೋ ದೊಡ್ಡದು ಮಾಡಿ ನೋಡಿ, ಎಡಗಡೆ ಮೂಲೇಲಿ, ನೀಲಿ ಶಾಯಿ. ಲ್ಯಾಬ್ ರಿಪೋರ್ಟಿನ ಕೆಳಗೆ ಇರುತ್ತಲ್ಲ, ಅದೇ ಥರ: "ಪರೀಕ್ಷಿಸಿದವರು". ಅದರ ಮುಂದಿನ ಸಹಿಯನ್ನ ನಾನು ಬೆರಳಿಂದ ಮುಚ್ಚಿದೀನಿ.

#ಸರ್ವರ್_ರೂಮಿನ_ಕತೆಗಳು #ಮೆಟ್ಟಿಲ_ಕೆಳಗೆ